ಹೌದು, ಪಾಪಾಸುಕಳ್ಳಿಯನ್ನೇ ತಿನ್ನುತ್ತೇವೆ

ಮಂಡ್ಯದ ನಮ್ಮ ಮನೆಗೆ ಬಂದವರು ಕಾಂಪೌಂಡಿನ ಪಕ್ಕದ ಗಿಡ ನೋಡಿದೊಡನೆ ಕೇಳುತ್ತಾರೆ: "ಇದನ್ನು ತಿನ್ನುತ್ತೀರಂತೆ, ವಿಷವಲ್ಲವೇ?" ಅಲ್ಲ. ಮುರಿದರೆ ಬಿಳಿ ಹಾಲು ಒಸರುವ ಕಳ್ಳಿಗಳ ಕುಲವೇ ಬೇರೆ, ಅವನ್ನು ಬಾಯಿಗಿಡಬಾರದು. ಪಾಪಾಸುಕಳ್ಳಿಯನ್ನು ಮುರಿದರೆ ಬರುವುದು ಲೋಳೆ. ಅದರ ತವರಾದ ಮೆಕ್ಸಿಕೊದಲ್ಲಿ ಎಳೆಯ ಎಲೆ ದಿನನಿತ್ಯದ ತರಕಾರಿ. ಆ ದೇಶದ ಬಾವುಟದಲ್ಲಿ ಹದ್ದು ಕುಳಿತಿರುವುದೂ ಇದರ ಮೇಲೆಯೇ.

ಇಷ್ಟು ಹೇಳಿದ ಮೇಲೂ "ತಿನ್ನಲು ಬೇರೇನೂ ಸಿಗಲಿಲ್ಲವೇ?" ಎನ್ನುವವರಿದ್ದಾರಲ್ಲ, ಅವರ ಮೇಲೆ ನನಗೆ ಸಿಟ್ಟು. ಗೃಹಪ್ರವೇಶವೊಂದರಲ್ಲಿ ಊಟಕ್ಕೆ ಕುಳಿತಾಗ ಮಾವನವರೊಬ್ಬರು ಪಂಕ್ತಿಗೆಲ್ಲ ಕೇಳುವಂತೆ, "ನಾಲೆ ನೀರಿರುವ ಊರಿನಲ್ಲಿ ಕಳ್ಳಿ ತಿನ್ನುವ ಗತಿ ಏಕಮ್ಮ ಬಂತು?" ಎಂದರು. ಎಲ್ಲರೂ ನಕ್ಕರು. ಅವರು ಹುಟ್ಟಿ ಬೆಳೆದದ್ದು ನಾಗಮಂಗಲದ ಕಡೆಯ ಮಳೆಯಾಶ್ರಿತ ಊರಿನಲ್ಲಿ. "ಕುರಿ ಮೇಯಿಸುವಾಗ ಬೇಲಿಯ ಹಣ್ಣು ತಿಂದಿಲ್ಲವೇ, ಮಾವ?" ಎಂದೆ. ಕೈಯಲ್ಲಿದ್ದ ಒಬ್ಬಟ್ಟನ್ನು ಎಲೆಗೆ ಹಾಕಿ ಅವರೇ ಹೇಳತೊಡಗಿದರು: ಕವೆಗೋಲಿನಿಂದ ಕಿತ್ತು, ಸಣ್ಣ ಮುಳ್ಳು ಉದುರುವ ತನಕ ಮರಳಿನಲ್ಲಿ ಉರುಳಿಸಿ ಉಜ್ಜಿ, ಉಗುರಿನಿಂದ ಸೀಳಿ ತಿನ್ನುವುದು, ನಾಲಿಗೆ ಕೆಂಪು, ಅಂಗಿ ಕೆಂಪು, ಅಂಗಿಯ ಕಲೆಗೆ ಅವ್ವನಿಂದ ಏಟು. ಕೊನೆಗೆ ದನಿ ತಗ್ಗಿಸಿ, "ಅದು ಹಸಿವಿಗೆ ತಿಂದದ್ದಮ್ಮ" ಎಂದರು.

ನಗುವಿನ ಹಿಂದೆ ಇರುವುದು ಈ ನಾಚಿಕೆ. ಹಸಿದಾಗ ಕೈ ಹಿಡಿದ ಗಿಡವನ್ನು ಹೊಟ್ಟೆ ತುಂಬಿದ ಮೇಲೆ ಹೀಯಾಳಿಸುವುದನ್ನು ನಾನು ಒಪ್ಪುವುದಿಲ್ಲ. ಬೇಲಿಗಳಲ್ಲಿಯೂ ಈಗ ಅದು ಅಪರೂಪ. ಅದರ ಹಾವಳಿ ತಡೆಯಲೆಂದೇ 1926ರಲ್ಲಿ ಶ್ರೀಲಂಕಾದಿಂದ ತಂದು ಬಿಟ್ಟ ಕೀಟ ದಕ್ಷಿಣ ಭಾರತದಲ್ಲಿ ಪೊದೆ ಪೊದೆಗಳನ್ನೇ ಒಣಗಿಸಿತು. ನನ್ನ ಗಿಡಕ್ಕೂ ಬಿಳಿ ಬೂಷ್ಟಿನ ಹೊದಿಕೆಯ ಹುಳು ಅಂಟುತ್ತದೆ. ಹಿಸುಕಿದರೆ ಹೆಬ್ಬೆರಳು ಕಡುಗೆಂಪು.

"ಎಷ್ಟು ಹೊತ್ತಿಗೆ ಕೊಯ್ಯುತ್ತೀರಿ?" ಎಂದು ಒಬ್ಬರಾದರೂ ಕೇಳಬಾರದೇ! ಈ ಗಿಡ ನೀರು ಉಳಿಸಲು ಹಗಲಿನಲ್ಲಿ ತನ್ನ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಆಗ ಒಳಗೆಳೆದ ಇಂಗಾಲದ ಡೈ ಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ಬೆಳಗಿನ ತನಕ ಸೇರುತ್ತಾ ಹೋಗುತ್ತದೆ. ಬಿಸಿಲು ಬಂದ ಮೇಲೆ ಕರಗುತ್ತದೆ. ಹಾಗಾಗಿ ಮುಂಜಾನೆ ಕೊಯ್ದ ಎಲೆ ಹುಳಿ, ಸಂಜೆಯದು ಸಪ್ಪೆ. ಗೊಜ್ಜಿಗೆ ಬೆಳಗಿನದು, ಪಲ್ಯಕ್ಕೆ ಸಂಜೆಯದು. ಅಂಗೈಯಗಲದ ಎಳೆಯ ಎಲೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ಒಡ್ಡಿ, ಮುಳ್ಳಿನ ಬುಡವನ್ನೆಲ್ಲ ಚಾಕುವಿನಿಂದ ಹೆರೆಯಬೇಕು. ಕಣ್ಣಿಗೆ ಕಾಣುವ ಮುಳ್ಳಿಗಿಂತ ಬುಡದ ನವಿರು ಮುಳ್ಳೇ ಕೆಟ್ಟದ್ದು. ಹೆಚ್ಚಿ, ನೀರು ಹಾಕದೆ ಲೋಳೆ ಇಂಗುವ ತನಕ ಹುರಿದು, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿ.

ಬೆಳೆಸುವವರಿಗೆ ಎಲೆ ನಾನೇ ಕೊಡುತ್ತೇನೆ. ಕತ್ತರಿಸಿದ ಗಾಯ ಒಣಗುವ ತನಕ ಒಂದೆರಡು ವಾರ ನೆರಳಿನಲ್ಲಿಟ್ಟು, ಮರಳು ಬೆರೆಸಿದ ದಿಬ್ಬದ ಮೇಲೆ ನೆಡಿ. ನಾಲೆ ಬಯಲಿನ ಜೌಗು ಮಣ್ಣಿನಲ್ಲಿ ಕೊಳೆತುಹೋಗುತ್ತದೆ.