ಮೈನಸ್ ನಲವತ್ತರಲ್ಲಿ ವಿಮಾನ ಸಜ್ಜುಗೊಳಿಸುವವರು

2023ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 8ರವರೆಗೆ ಅಲಾಸ್ಕಾದ ಫೋರ್ಟ್ ವೇನ್‌ರೈಟ್‌ನಲ್ಲಿ ಅಮೆರಿಕದ ಸೇನೆಯೊಂದಿಗೆ ನಡೆದ ‘ಯುದ್ಧ ಅಭ್ಯಾಸ’ಕ್ಕೆ ಭಾರತದಿಂದ 350 ಸೈನಿಕರು ಹೋಗಿದ್ದರು. ಆ ದಳದ ಮುಂಚೂಣಿಯಲ್ಲಿದ್ದುದು ಮರಾಠಾ ಲೈಟ್ ಇನ್‌ಫೆಂಟ್ರಿಯ ಬೆಟಾಲಿಯನ್. ಆ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿದೆ, ಧಾರವಾಡದಿಂದ ಎರಡು ತಾಸಿನೊಳಗಿನ ಹಾದಿ. ಹಾಗಾಗಿ ಸುದ್ದಿ ನಮ್ಮ ಕಡೆ ಸ್ವಲ್ಪ ಹೆಚ್ಚೇ ಓಡಾಡಿತು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸೇನಾ ಭರ್ತಿಗೆ ಓದುವ ಹುಡುಗರಲ್ಲಿ ನನ್ನ ಪರಿಚಯದ ಕೆಲವರು ಕೇಳಿದ ಪ್ರಶ್ನೆ ಒಂದೇ: ನಮ್ಮಲ್ಲೇ ಸಿಯಾಚಿನ್ ಇರುವಾಗ ಚಳಿ ಕಲಿಯಲು ಅಲಾಸ್ಕಾಕ್ಕೆ ಏಕೆ ಹೋಗಬೇಕು?

ಈ ಪ್ರಶ್ನೆಯನ್ನು ಧಾರವಾಡ ಜಿಲ್ಲೆಯಲ್ಲಿ ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಸೋನಂ ಠಾಣೆಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ದಿನಗಳ ನಂತರ ಹಿಮದಡಿಯಿಂದ ಜೀವಂತವಾಗಿ ಹೊರಬಂದು, ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅತಿಯಾದ ಚಳಿ ಎಂದರೇನು ಎಂಬುದನ್ನು ಈ ಜಿಲ್ಲೆ ಅಂಕಿಅಂಶಗಳಿಂದ ತಿಳಿದದ್ದಲ್ಲ. ಆದರೂ ಹುಡುಗರಿಗೆ ನಾನು ಹೇಳಿದ್ದು, ಸಿಯಾಚಿನ್ನಿನ ಚಳಿ ಬೇರೆ, ಆರ್ಕ್ಟಿಕ್‌ನ ಚಳಿ ಬೇರೆ ಎಂದು. ಕಾಲಾಳುಗಳಿಗಿಂತ ಹೆಚ್ಚಾಗಿ ವೈಮಾನಿಕ ದಳಗಳಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಉಷ್ಣಶಾಸ್ತ್ರ ಹೇಳಿಕೊಡುವವನು, ಸೈನಿಕನಲ್ಲ. ಹಾಗಾಗಿ ಇಲ್ಲಿರುವುದು ಯಂತ್ರದ ಕಡೆಯಿಂದ ನೋಡಿದ ಮಾತು.

ಒಂದೇ ಒತ್ತಡದಲ್ಲಿ 40 ಡಿಗ್ರಿ ಸೆಲ್ಸಿಯಸ್‌ನ ಗಾಳಿಗಿಂತ ಮೈನಸ್ 30 ಡಿಗ್ರಿಯ ಗಾಳಿ ಸುಮಾರು ಶೇ 29ರಷ್ಟು ಹೆಚ್ಚು ಸಾಂದ್ರವಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ಗೋಕುಲ ರಸ್ತೆಯ ನಮ್ಮ ನಿಲ್ದಾಣದಿಂದ ಏರುವ ವಿಮಾನಕ್ಕೆ ಸಿಗುವ ತೆಳುವಾದ ಬಿಸಿಗಾಳಿಗೆ ಹೋಲಿಸಿದರೆ, ಸಮುದ್ರಮಟ್ಟಕ್ಕೆ ಹತ್ತಿರವಿರುವ ಆರ್ಕ್ಟಿಕ್ ನೆಲೆಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಸಿಗುವುದು ಔತಣ: ನೂಕುಬಲ ಹೆಚ್ಚು, ಏರಲು ಬೇಕಾದ ಓಟ ಕಡಿಮೆ. ಸಿಯಾಚಿನ್‌ನಲ್ಲಿಯೂ ಚಳಿ ಇದೆ, ಆದರೆ ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೂ ಕಡಿಮೆ ಇರುವುದರಿಂದ ಚಳಿ ಕೊಟ್ಟದ್ದನ್ನೆಲ್ಲ ಎತ್ತರ ಕಿತ್ತುಕೊಳ್ಳುತ್ತದೆ. ಅಲ್ಲಿ ಚೀತಾ ಹೆಲಿಕಾಪ್ಟರ್ ನಡೆಸುವವನ ಚಿಂತೆ ಎಂಜಿನ್ನಿನ ಶಕ್ತಿ ಸಾಲುತ್ತದೆಯೋ ಇಲ್ಲವೋ ಎಂಬುದು. ಆರ್ಕ್ಟಿಕ್ ನೆಲೆಯಲ್ಲಿ ಶಕ್ತಿಗೆ ಕೊರತೆಯಿಲ್ಲ. ಆ ಶಕ್ತಿಯನ್ನು ಚಾಲೂ ಮಾಡುವುದು, ಚಾಲೂ ಆದದ್ದನ್ನು ನೆಲಕ್ಕೆ ಸುರಕ್ಷಿತವಾಗಿ ಇಳಿಸುವುದು, ಕಷ್ಟವಿರುವುದು ಈ ಎರಡರಲ್ಲಿ.

ಎಂಜಿನ್ ಎಣ್ಣೆ ಧಾರವಾಡದ ಡಿಸೆಂಬರ್ ಬೆಳಗಿನ ಕೊಬ್ಬರಿ ಎಣ್ಣೆಯಂತೆ ಹರಿಯಲು ಒಲ್ಲೆನ್ನುವ ಸ್ಥಿತಿಗೆ ಬಂದಿರುತ್ತದೆ. ಬಿಸಿಗಾಳಿಯ ಕೊಳವೆಗಳನ್ನು ಎಂಜಿನ್ನಿನೊಳಗೆ ಬಿಟ್ಟು ಕಾಯಿಸಿದ ಮೇಲೆಯೇ ಅದನ್ನು ತಿರುಗಿಸಬೇಕು. ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಹೈಡ್ರಾಲಿಕ್ ಸೀಲುಗಳ ರಬ್ಬರು ಬಿರುಸಾಗಿ ಸಂಕುಚಿಸುವುದರಿಂದ ನಿನ್ನೆಯವರೆಗೆ ಒಂದು ಹನಿಯೂ ಸೋರದ ಜಾಗದಿಂದ ಇಂದು ಎಣ್ಣೆ ತೊಟ್ಟಿಕ್ಕುತ್ತದೆ. ರಾತ್ರಿಯಿಡೀ ಒಂದೇ ಕಡೆ ನಿಂತ ಟೈರಿನ ತಳ ಚಪ್ಪಟೆಯಾಗಿ ಹಾಗೆಯೇ ಸೆಟೆದುಕೊಂಡಿರುತ್ತದೆ. ಜೆಟ್ ಎ-1 ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 47 ಡಿಗ್ರಿ ಆದ್ದರಿಂದ ಇಂಧನ ತಾನಾಗಿ ತೊಂದರೆ ಕೊಡುವುದು ಅಪರೂಪ. ತೊಂದರೆ ಅದರಲ್ಲಿ ಸೇರಿಕೊಂಡ ಅತಿ ಸಣ್ಣ ಪ್ರಮಾಣದ ನೀರಿನದು, ಅದು ಮಂಜಿನ ಹರಳಾಗಿ ಫಿಲ್ಟರನ್ನು ಮುಚ್ಚುತ್ತದೆ. ಸೇನಾ ವಿಮಾನಗಳ ಇಂಧನಕ್ಕೆ ಹರಳುಗಟ್ಟುವುದನ್ನು ತಡೆಯುವ ರಾಸಾಯನಿಕವನ್ನು ಬೆರೆಸುವುದು ಇದಕ್ಕಾಗಿಯೇ.

ಇಷ್ಟೆಲ್ಲವನ್ನು ಸರಿಪಡಿಸಬೇಕಾದ ತಂತ್ರಜ್ಞನ ಕೈಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ತೀರಾ ಕಡಿಮೆ. ದಪ್ಪ ಕೈಗವಸಿನಲ್ಲಿ ಸಣ್ಣ ಸ್ಕ್ರೂ ಹಿಡಿಯಲು ಬರುವುದಿಲ್ಲ. ಕೈಗವಸು ತೆಗೆದರೆ ಬರಿಗೈಗೆ ಲೋಹ ಅಂಟಿಕೊಳ್ಳುತ್ತದೆ. ಮೈನಸ್ 40ರಲ್ಲಿಯೂ ದ್ರವವಾಗಿಯೇ ಉಳಿದಿರುವ ಇಂಧನ ಚರ್ಮದ ಮೇಲೆ ಚೆಲ್ಲಿದರೆ ಕ್ಷಣಾರ್ಧದಲ್ಲಿ ಹಿಮಗಾಯವಾಗುತ್ತದೆ. ತಿರುಗುವ ಪ್ರೊಪೆಲರ್ ಅಥವಾ ರೋಟರ್ ಎಬ್ಬಿಸುವ ಗಾಳಿ ಚಳಿಯನ್ನು ಇನ್ನೂ ಹರಿತ ಮಾಡುತ್ತದೆ. ಆದ್ದರಿಂದ ಕೆಲಸವನ್ನು ಸಣ್ಣ ಪಾಳಿಗಳಾಗಿ ಒಡೆದು, ಒಬ್ಬ ಬೆಚ್ಚಗಿನ ಕೋಣೆಗೆ ಹೋದಾಗ ಇನ್ನೊಬ್ಬ ಅದೇ ನಟ್ಟನ್ನು ಅಲ್ಲಿಂದಲೇ ಮುಂದುವರಿಸುವ ಶಿಸ್ತು ಬೇಕು. ನಮ್ಮಲ್ಲಿ ಅರ್ಧ ತಾಸಿನ ಕೆಲಸ ಅಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಕೈಪಿಡಿ ಓದಿ ತಿಳಿಯಲಾಗದು. ಜಂಟಿ ಅಭ್ಯಾಸದಲ್ಲಿ ಪರೀಕ್ಷೆಗೆ ಒಳಗಾಗುವುದು ವಿಮಾನಕ್ಕಿಂತ ಅದನ್ನು ಸಜ್ಜುಗೊಳಿಸುವ ಇಡೀ ದಳ ಎಂಬುದು ನನ್ನ ಅಭಿಪ್ರಾಯ. ಎಷ್ಟು ದೇಶಗಳ ಎಷ್ಟು ಯುದ್ಧವಿಮಾನಗಳು ಒಟ್ಟಿಗೆ ಹಾರಿದವು ಎಂಬ ಛಾಯಾಚಿತ್ರದಿಂದ ಇದು ತಿಳಿಯುವುದಿಲ್ಲ.

ಆರ್ಕ್ಟಿಕ್ ಎಂದೊಡನೆ ಒಂದೇ ಬಗೆಯ ಚಳಿಯನ್ನು ಕಲ್ಪಿಸಿಕೊಳ್ಳುವುದೂ ತಪ್ಪು. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಬಳಿಯ ಐಲ್ಸನ್ ವಾಯುನೆಲೆ ನಕ್ಷೆಯ ಪ್ರಕಾರ ಆರ್ಕ್ಟಿಕ್ ವೃತ್ತದಿಂದ ಸ್ವಲ್ಪ ದಕ್ಷಿಣಕ್ಕೇ ಇದೆ. ಆದರೆ ಖಂಡದ ಒಳನಾಡಾದ್ದರಿಂದ ಅಲ್ಲಿ ಚಳಿಗಾಲದಲ್ಲಿ ಮೈನಸ್ 40ರ ಒಣ ಚಳಿ ಬೀಳುತ್ತದೆ. ವಾಹನಗಳ ಹೊಗೆಯಲ್ಲಿರುವ ಆವಿಯೇ ಮಂಜಿನ ಹರಳುಗಳಾಗಿ ಗಾಳಿಯಲ್ಲಿ ತೂಗಿ ರನ್‌ವೇಯನ್ನು ಮಸುಕುಗೊಳಿಸುತ್ತದೆ. ಅದಕ್ಕಿಂತ ಬಹಳ ಉತ್ತರದಲ್ಲಿರುವ ನಾರ್ವೆಯ ಕರಾವಳಿಯನ್ನು ಅಟ್ಲಾಂಟಿಕ್‌ನ ಬಿಸಿನೀರಿನ ಪ್ರವಾಹ ಬೆಚ್ಚಗಿಡುತ್ತದೆ, ಹಾಗಾಗಿ ತಾಪಮಾನ ಸೊನ್ನೆಯ ಆಸುಪಾಸಿನಲ್ಲಿ ಏರಿಳಿಯುತ್ತಿರುತ್ತದೆ. ಕೇಳಲು ಇದು ಹಿತವೆನಿಸಿದರೂ ವಿಮಾನಕ್ಕೆ ಇದೇ ಹೆಚ್ಚು ಕೆಟ್ಟದ್ದು. ರೆಕ್ಕೆಯ ಮೇಲೆ ಮಂಜು ಕಟ್ಟುವುದು ಮುಖ್ಯವಾಗಿ ಸೊನ್ನೆಗೂ ಮೈನಸ್ 20ಕ್ಕೂ ನಡುವಿನ ತೇವದ ಮೋಡಗಳಲ್ಲಿ. ಬೆಳಗ್ಗೆ ಕರಗಿದ ನೀರು ಸಂಜೆಗೆ ರನ್‌ವೇಯ ಮೇಲೆ ಗಾಜಿನ ಹಾಳೆಯಾಗುತ್ತದೆ. ಏರುವ ಮುನ್ನ ಗ್ಲೈಕಾಲ್ ದ್ರವ ಸಿಂಪಡಿಸಿ ರೆಕ್ಕೆ ತೊಳೆದರೂ ಅದರ ರಕ್ಷಣೆ ಕೆಲವೇ ನಿಮಿಷಗಳದ್ದು. ಅಷ್ಟರೊಳಗೆ ಏರದಿದ್ದರೆ ಮತ್ತೆ ತೊಳೆಯಬೇಕು.

ಹೀಗಾಗಿ ನಾರ್ವೆಯವರು ತಮ್ಮ ಎಫ್-35 ವಿಮಾನಗಳ ಬಾಲದ ಎರಡು ರೆಕ್ಕೆಗಳ ನಡುವೆ ಪ್ಯಾರಾಚೂಟ್ ಇಡುವ ಪೆಟ್ಟಿಗೆಯನ್ನು ಹಾಕಿಸಿಕೊಂಡರು. ಬ್ರೇಕು ಹಿಡಿಯದ ರನ್‌ವೇಯಲ್ಲಿ ಗಾಳಿಯನ್ನು ಹಿಡಿದು ನಿಲ್ಲುವ ಉಪಾಯ ಇದು. ಹೆಲಿಕಾಪ್ಟರಿನವರ ಕಷ್ಟ ಬೇರೆ. ಹೊಸ ಹಿಮದ ಮೇಲೆ ಇಳಿಯುವಾಗ ರೋಟರಿನ ಗಾಳಿಗೆ ಹಿಮದ ಪುಡಿ ಎದ್ದು ಪೈಲಟ್‌ಗೆ ನೆಲ, ಆಕಾಶ ಎರಡೂ ಒಂದೇ ಬಿಳುಪಾಗಿ ಕಾಣುತ್ತವೆ. ಆಗ ಗಾಳಿಯಲ್ಲಿ ನಿಂತು ಯೋಚಿಸುತ್ತ ಕೂರಲು ಬರುವುದಿಲ್ಲ. ಒಂದು ಪೊದೆಯನ್ನೋ ಬಂಡೆಯನ್ನೋ ಗುರುತಿಗೆ ಹಿಡಿದು, ಹಿಮದ ಮೋಡ ತಮ್ಮನ್ನು ಮುಚ್ಚುವ ಮೊದಲೇ ನೆಲ ಮುಟ್ಟಬೇಕು. ಬ್ರಿಟನ್ನಿನ ಹೆಲಿಕಾಪ್ಟರ್ ದಳಗಳು 1969ರಿಂದ ನಾರ್ವೆಯ ಬಾರ್ಡುಫಾಸ್ ನೆಲೆಗೆ ‘ಕ್ಲಾಕ್‌ವರ್ಕ್’ ಎಂಬ ಚಳಿಗಾಲದ ತರಬೇತಿಗೆ ಹೋಗುತ್ತಿರುವುದು ಇಂಥದ್ದನ್ನು ಕಲಿಯಲು. ಅರ್ಧ ಶತಮಾನದ ನಂತರವೂ ಅವರು ಹೋಗುತ್ತಲೇ ಇದ್ದಾರೆ, ಏಕೆಂದರೆ ಹೊಸ ಪೈಲಟ್, ಹೊಸ ತಂತ್ರಜ್ಞ ಬಂದಾಗಲೆಲ್ಲ ಪಾಠ ಮೊದಲಿನಿಂದ ಶುರುವಾಗಬೇಕು.

ಅಲ್ಲಿ ಉಪಕರಣಗಳನ್ನೂ ಪೂರ್ತಿ ನಂಬುವಂತಿಲ್ಲ. ವಿಮಾನದ ಎತ್ತರಮಾಪಕ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ತಣ್ಣನೆಯ ಗಾಳಿ ಕುಗ್ಗಿ ಕೆಳಗೆ ಕುಳಿತಿರುವುದರಿಂದ ಮಾಪಕ ತೋರಿಸುವುದಕ್ಕಿಂತ ವಿಮಾನ ಕೆಳಗೇ ಇರುತ್ತದೆ. ನೆಲದಲ್ಲಿ ಮೈನಸ್ 30 ಇದ್ದಾಗ 1,000 ಅಡಿ ಎಂದು ತೋರಿಸುವಲ್ಲಿ ಸುಮಾರು 190 ಅಡಿಯ ತಿದ್ದುಪಡಿ ಬೇಕಾಗುತ್ತದೆ. ಕಣಿವೆಗಳ ನಡುವೆ ಹಾರುವವನಿಗೆ ಇದು ಸಣ್ಣ ಸಂಖ್ಯೆಯಲ್ಲ. ಧ್ರುವದ ಸಮೀಪ ಕಾಂತೀಯ ದಿಕ್ಸೂಚಿ ಮಂಕಾಗುತ್ತದೆ. ಧ್ರುವಪ್ರಭೆ ಹೊಳೆಯುವ ರಾತ್ರಿಗಳಲ್ಲಿ ದೂರದ ರೇಡಿಯೊ ಸಂಪರ್ಕ ಹದಗೆಡುತ್ತದೆ. ಭೂಸ್ಥಿರ ಉಪಗ್ರಹಗಳು ದಿಗಂತದ ಅಂಚಿನಲ್ಲಿ ಇರುವುದರಿಂದ ಗುಡ್ಡವೊಂದು ಅಡ್ಡ ಬಂದರೆ ಸಂಕೇತವೇ ಇಲ್ಲ.

ಇಂಥ ಅಭ್ಯಾಸಗಳಲ್ಲಿ ಜೀವ ಕಳೆದುಕೊಂಡವರಿದ್ದಾರೆ. 2012ರ ಮಾರ್ಚ್ 15ರಂದು, ನಾರ್ವೆ ಹಲವು ದೇಶಗಳೊಂದಿಗೆ ನಡೆಸುವ ‘ಕೋಲ್ಡ್ ರೆಸ್ಪಾನ್ಸ್’ ಎಂಬ ಚಳಿಗಾಲದ ಸೇನಾ ಅಭ್ಯಾಸದ ವೇಳೆ, ನಾರ್ವೆಯ ಎವನೆಸ್‌ನಿಂದ ಸ್ವೀಡನ್ನಿನ ಕಿರುನಾಕ್ಕೆ ಹೊರಟಿದ್ದ ಸಿ-130ಜೆ ಸಾಗಣೆ ವಿಮಾನ ಕೆಬ್ನೆಕೈಸೆ ಪರ್ವತಕ್ಕೆ ಬಡಿದು ಐವರು ಮೃತಪಟ್ಟರು. ಸುರಕ್ಷಿತ ಎತ್ತರಕ್ಕಿಂತ ಕೆಳಕ್ಕೆ ಇಳಿಯಲು ನೆಲದಿಂದ ಅನುಮತಿ ಸಿಕ್ಕಿತ್ತು, ಸಿಬ್ಬಂದಿ ಅದನ್ನು ಒಪ್ಪಿಕೊಂಡಿದ್ದರು. ಒಂದು ದೇಶದ ವಿಮಾನ, ಇನ್ನೊಂದು ದೇಶದ ನಿಯಂತ್ರಕರು, ಕೆಳಗೆ ಇಬ್ಬರಿಗೂ ಕಾಣದ ಪರ್ವತ: ಜಂಟಿ ತರಬೇತಿಯ ಅಗತ್ಯವನ್ನು ಇದಕ್ಕಿಂತ ಕಟುವಾಗಿ ಹೇಳುವ ಪ್ರಸಂಗ ನನಗೆ ತಿಳಿದಿಲ್ಲ. 2022ರ ಮಾರ್ಚ್ 18ರಂದು ಅದೇ ಅಭ್ಯಾಸಕ್ಕೆ ಬಂದಿದ್ದ ಅಮೆರಿಕದ ಮರೀನ್ ಪಡೆಯ ಆಸ್ಪ್ರೆ ವಿಮಾನ ಬೋಡೊದ ದಕ್ಷಿಣದ ಕಣಿವೆಯಲ್ಲಿ ಪತನವಾಗಿ ನಾಲ್ವರು ತೀರಿಕೊಂಡರು. ತನಿಖೆ ಬೊಟ್ಟು ಮಾಡಿದ್ದು ಕಣಿವೆಯೊಳಗೆ ಕೆಳಮಟ್ಟದಲ್ಲಿ ತೆಗೆದುಕೊಂಡ ಕಡಿದಾದ ತಿರುವುಗಳ ಕಡೆಗೆ. ಆ ವರ್ಷದ ಅಭ್ಯಾಸದಲ್ಲಿ 27 ದೇಶಗಳ ಸುಮಾರು 30,000 ಮಂದಿ ಸೇರಿದ್ದರು.

2024ರ ಮಾರ್ಚ್‌ನಲ್ಲಿ ಈ ಅಭ್ಯಾಸ ‘ನಾರ್ಡಿಕ್ ರೆಸ್ಪಾನ್ಸ್’ ಎಂಬ ಹೊಸ ಹೆಸರಿನಲ್ಲಿ ನಾರ್ವೆ, ಸ್ವೀಡನ್, ಫಿನ್ಲೆಂಡ್ ಮೂರರಲ್ಲೂ ನಡೆಯಿತು. ಅದು ನಡೆಯುತ್ತಿದ್ದಾಗಲೇ, ಮಾರ್ಚ್ 7ರಂದು, ಸ್ವೀಡನ್ ನ್ಯಾಟೊ ಸದಸ್ಯನಾಯಿತು. ರಾಜಕೀಯವನ್ನು ಬಲ್ಲವರು ಬರೆಯಲಿ. ನನಗೆ ಮುಖ್ಯವೆನಿಸುವುದು, ಒಂದು ದೇಶದ ವಿಮಾನ ಮತ್ತೊಂದು ದೇಶದ ನೆಲೆಯಲ್ಲಿಳಿದಾಗ ಅಲ್ಲಿನ ತಂತ್ರಜ್ಞರೇ ಇಂಧನ ತುಂಬಿ, ಪರೀಕ್ಷಿಸಿ, ಮರಳಿ ಕಳುಹಿಸುವ ಪದ್ಧತಿಯನ್ನು ಈ ನಾರ್ಡಿಕ್ ವಾಯುಪಡೆಗಳು ರೂಢಿಸಿಕೊಂಡಿರುವುದು. ಸ್ವೀಡನ್ನಿನ ಗ್ರಿಪನ್ ವಿಮಾನವನ್ನು ಒಬ್ಬ ತಂತ್ರಜ್ಞ ಮತ್ತು ಕಡ್ಡಾಯ ಸೇವೆಗೆ ಬಂದ ಐವರು ಯುವಕರು ಹೆದ್ದಾರಿಯ ಮೇಲೆ ಹತ್ತು ನಿಮಿಷಗಳಲ್ಲಿ ಮತ್ತೆ ಹಾರಲು ಸಿದ್ಧಮಾಡುವಂತೆ ರೂಪಿಸಲಾಗಿದೆ. ಸಪ್ತಾಪುರದ ಹುಡುಗರು ಪೈಲಟ್ ಆಗುವ ಸಾಧ್ಯತೆಗಿಂತ ಆ ಐವರಂಥವರಲ್ಲಿ ಒಬ್ಬರಾಗುವ ಸಾಧ್ಯತೆ ಹೆಚ್ಚು. ಇದನ್ನು ಹೇಳಿದಾಗ ಅವರ ಕಿವಿ ನಿಮಿರಿತು.

ನಾವು ನ್ಯಾಟೊ ದೇಶವಲ್ಲ, ಯಾರ ಒಪ್ಪಂದಬದ್ಧ ಮಿತ್ರರೂ ಅಲ್ಲ. ಆದರೂ ಭಾರತೀಯ ವಾಯುಪಡೆ ಅಲಾಸ್ಕಾಕ್ಕೆ ಮೂರು ಸಲ ಯುದ್ಧವಿಮಾನ ಒಯ್ದಿದೆ: 2004ರ ‘ಕೋಪ್ ಥಂಡರ್’ ಅಭ್ಯಾಸಕ್ಕೆ ಜಾಗ್ವಾರ್, 2016ರ ‘ರೆಡ್ ಫ್ಲ್ಯಾಗ್’ಗೆ ಸುಖೋಯ್-30 ಮತ್ತು ಜಾಗ್ವಾರ್, 2024ರಲ್ಲಿ ಮೊದಲ ಬಾರಿಗೆ ರಫೇಲ್. ಸಾಗರ ದಾಟಿ ಅಷ್ಟು ದೂರ ಇಂಧನ ತುಂಬುತ್ತ ಹೋಗಿ ಬರುವುದೇ ದೊಡ್ಡ ಕಲಿಕೆ, ಅದರಲ್ಲಿ ಸಂಶಯವಿಲ್ಲ. ಆದರೆ 2004ರದು ಜುಲೈನಲ್ಲಿ, 2016ರದು ಏಪ್ರಿಲ್–ಮೇನಲ್ಲಿ, 2024ರದು ಮೇ 30ರಿಂದ ಜೂನ್ 14ರವರೆಗೆ. ಜೂನ್‌ನ ಐಲ್ಸನ್‌ನಲ್ಲಿ ರಾತ್ರಿಯೇ ಸರಿಯಾಗಿ ಆಗುವುದಿಲ್ಲ, ಹಿಮದ ಮಾತು ದೂರ. ಮರಾಠಾ ಬೆಟಾಲಿಯನ್ ಹೋದದ್ದು ಶರತ್ಕಾಲದಲ್ಲಿ. ಅಂದರೆ ನಮ್ಮ ಪಡೆಗಳು ಆರ್ಕ್ಟಿಕ್‌ನ ಭೂಪ್ರದೇಶವನ್ನು ಕಂಡಿವೆಯೇ ಹೊರತು ಅದರ ಚಳಿಗಾಲವನ್ನು ಜಂಟಿಯಾಗಿ ಅಷ್ಟು ಕಂಡಿಲ್ಲ.

ಕೊಡಲು ನಮ್ಮಲ್ಲೂ ಇದೆ. ನಮ್ಮ ವಾಯುಪಡೆ 2013ರ ಆಗಸ್ಟ್ 20ರಂದು ಲಡಾಖ್‌ನ 16,614 ಅಡಿ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಸಿ-130ಜೆ ವಿಮಾನ ಇಳಿಸಿತು. ಲೇಹ್‌ನಲ್ಲಿ ಚಳಿಗಾಲದ ಬೆಳಗಿನ ಹಾರಾಟ ದಶಕಗಳಿಂದ ದಿನನಿತ್ಯದ ಕೆಲಸ. ಎತ್ತರದ ಚಳಿಯಲ್ಲಿ ಹೆಲಿಕಾಪ್ಟರ್ ನಡೆಸುವ ಅನುಭವದಲ್ಲಿ ನಮ್ಮವರಿಗೆ ಪಾಠ ಹೇಳಬಲ್ಲವರು ಕಡಿಮೆ, ನಮ್ಮವರಿಂದ ಕಲಿಯಬೇಕಾದವರು ಹೆಚ್ಚು. ಆದ್ದರಿಂದ ಮುಂದಿನ ಒಪ್ಪಂದದಲ್ಲಿ ಇನ್ನೊಂದು ಬೇಸಿಗೆಯ ಯುದ್ಧವಿಮಾನ ಅಭ್ಯಾಸಕ್ಕಿಂತ, ಜನವರಿಯ ಬಾರ್ಡುಫಾಸ್‌ಗೋ ಐಲ್ಸನ್‌ಗೋ ನಮ್ಮ ತಂತ್ರಜ್ಞರ ಒಂದು ಸಣ್ಣ ತಂಡವನ್ನು ಕಳುಹಿಸಿ, ಬದಲಿಗೆ ಅವರ ಹೆಲಿಕಾಪ್ಟರ್ ಸಿಬ್ಬಂದಿಯನ್ನು ಲೇಹ್‌ಗೆ ಕರೆಯುವ ವ್ಯವಸ್ಥೆ ಆಗಲಿ ಎನ್ನುತ್ತೇನೆ. ಖರ್ಚು ಕಡಿಮೆ, ಛಾಯಾಚಿತ್ರಗಳೂ ಕಡಿಮೆ.