ಸೈಡ್ ಸ್ಟ್ಯಾಂಡ್

ನಿನ್ನೆ ರಾತ್ರಿ 1983ರ ಹಿಂದಿ ಸಿನಿಮಾ ‘ಅರ್ಧ ಸತ್ಯ’ವನ್ನು ಮತ್ತೊಮ್ಮೆ ನೋಡಿದೆ. ಲಾಕಪ್ಪಿನಲ್ಲಿ ಒಬ್ಬ ಸತ್ತ ಮೇಲೆ ಓಂ ಪುರಿಯ ಸಬ್ ಇನ್‌ಸ್ಪೆಕ್ಟರ್, ತಾನು ಹಿಡಿಯಬೇಕಿದ್ದ ಗೂಂಡಾ ರಾಮಾ ಶೆಟ್ಟಿಯ ಬಳಿಯೇ ಸಹಾಯ ಕೇಳಲು ಹೋಗುತ್ತಾನಲ್ಲ, ಅಲ್ಲಿಂದ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಕಾರವಾರದ ಮೀನು ಮಾರುಕಟ್ಟೆಗೆ ಹೊರಟಿದ್ದೆ. ಪೇದೆಯೊಬ್ಬರು ಕೈ ಅಡ್ಡ ಹಿಡಿದರು.

ಹೆಲ್ಮೆಟ್ ಇದೆ, ಲೈಸೆನ್ಸ್ ಇದೆ, ವಿಮೆಯೂ ಇದೆ. ಆದರೂ ನನ್ನ ಕೈ ನೇರವಾಗಿ ಅಂಗಿಯ ಜೇಬಿಗೆ ಹೋಯಿತು. ನೂರರ ನೋಟು ಅರ್ಧ ಹೊರಗೆ ಬಂದಿತ್ತು.

“ಸೈಡ್ ಸ್ಟ್ಯಾಂಡ್ ತೆಗೆದಿಲ್ಲ ನೋಡಿ, ಬಿದ್ದುಬಿಟ್ಟೀರಿ” ಎಂದರು. ನೋಟನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು.

ಕೇಳದವರಿಗೂ ಕೊಡುವಷ್ಟು ಈ ಕೈ ಪಳಗಿದ್ದು ಯಾವಾಗಲೋ!

ಅದೇ ನೂರಕ್ಕೆ ಬಂಗಡೆ ಕೊಂಡೆ. ಚೌಕಾಸಿ ಮಾಡಲು ಬಾಯಿಯೇ ಬರಲಿಲ್ಲ.