ಟೇಬಲ್ಲಿನ ಆ ಕಡೆ

ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಅಂತ ಆರ್ಡರ್ ಕೈಗೆ ಬಂದು ಎರಡು ತಿಂಗಳಾಗಿತ್ತು. ರಾತ್ರಿ ಎರಡೂವರೆಗೆ ಒಂದು ಅಪೆಂಡಿಕ್ಸ್ ಕೇಸ್. ಸೆಕೆಂಡ್ ಇಯರ್ ಪಿಜಿ (ಸ್ನಾತಕೋತ್ತರ) ಹುಡುಗಿ ರೋಗಿಯ ಬಲಗಡೆ ನಿಂತಿದ್ದಳು, ಅಂದರೆ ಸರ್ಜನ್ ನಿಲ್ಲುವ ಜಾಗದಲ್ಲಿ. ನಾನು ಎದುರುಗಡೆ, ಗಾಯ ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದುಕೊಂಡು. ಅಪೆಂಡಿಕ್ಸ್ ಚೆನ್ನಾಗಿಯೇ ಹೊರಗೆ ತಂದಳು, ಅದರ ರಕ್ತನಾಳಕ್ಕೆ ಗಂಟು ಹಾಕಿದಳು, ಕತ್ತರಿಸಿದ ಕೂಡಲೇ ಗಂಟು ಜಾರಿತು. ನೋಡನೋಡುತ್ತಿದ್ದಂತೆ ಗಾಯದ ತುಂಬ ರಕ್ತ. ನಾನು "ಬಿಡು ಬಿಡು" ಅಂತ ಅವಳ ಕೈಯಿಂದ ಆರ್ಟರಿ ಫೋರ್ಸೆಪ್ಸ್ ಕಿತ್ತುಕೊಂಡೆ, ರಕ್ತನಾಳ ಹಿಡಿದೆ, ಕಟ್ಟಿದೆ, ಹೊಟ್ಟೆ ಮುಚ್ಚುವವರೆಗೂ ಅವಳಿಗೆ ವಾಪಸ್ ಕೊಡಲೇ ಇಲ್ಲ. ರೋಗಿ ಮೂರನೇ ದಿನ ನಡೆದುಕೊಂಡು ಮನೆಗೆ ಹೋದ. ಆ ಹುಡುಗಿ ಮಾತ್ರ ಮುಂದಿನ ಎರಡು ವಾರ ಒಂದು ಕೇಸನ್ನೂ ಕೇಳಲಿಲ್ಲ.

ನಮ್ಮ ಯೂನಿಟ್ ಚೀಫ್‌ಗೆ ಈ ವಿಷಯ ಹೇಗೆ ಗೊತ್ತಾಯಿತೋ, ಬೆಳಿಗ್ಗೆ ಟೀ ಕುಡಿಯುವಾಗ ಅಂದರು: "ಬೆರಳಿಟ್ಟು ಒತ್ತಿ ಹಿಡ್ಕೊಂಡು ಸುಮ್ನೆ ನಿಂತಿದ್ರೆ ಸಾಕಿತ್ತಲ್ಲಪ್ಪಾ. ಅವಳೇ ಹಾಕ್ತಿದ್ಲು."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಎಂಎಸ್, ಅಂದರೆ ಸರ್ಜರಿಯ ಪಿಜಿ, ಮೂರು ವರ್ಷ, ಆಮೇಲೆ ಸೀನಿಯರ್ ರೆಸಿಡೆಂಟ್ ಒಂದು ವರ್ಷ. ಇಷ್ಟೂ ಕಾಲ ನಾನು ಕಲಿತದ್ದು ಟೇಬಲ್ಲಿನ ಬಲಗಡೆ ನಿಂತು ಮಾಡುವ ಕೆಲಸವನ್ನು. ಎಡಗಡೆ ನಿಂತು ಇನ್ನೊಬ್ಬರ ಕೈಯಲ್ಲಿ ಮಾಡಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಆರ್ಡರ್ ಬಂದ ದಿನದಿಂದ ನನ್ನ ಕೆಲಸ ಅದೇ! ನನ್ನ ಗುರುಗಳು ನನಗೆ ಕಲಿಸುವಾಗ ಅವರು ಏನು ಮಾಡುತ್ತಿದ್ದರು ಅಂತ ನೆನಪು ಮಾಡಿಕೊಳ್ಳಲು ಹೋದರೆ ಏನೂ ಹೊಳೆಯಲಿಲ್ಲ, ಯಾಕೆಂದರೆ ಆಗ ನಾನು ನೋಡುತ್ತಿದ್ದದ್ದು ನನ್ನ ಕೈಯನ್ನು, ಅವರ ಕೈಯನ್ನಲ್ಲ.

ಹಾಗಂತ ಮೇಲೆ ಹೋಗಲು ನಿಯಮಗಳಿಗೇನೂ ಕಮ್ಮಿ ಇಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಆಗಲು ನಾಲ್ಕು ವರ್ಷ ಸರ್ವಿಸ್, ಎರಡು ಸಂಶೋಧನಾ ಪೇಪರ್, ಜೊತೆಗೆ ಎರಡು ಕೋರ್ಸ್ ಬೇಕು. ಒಂದು ಸಂಶೋಧನೆಯ ಕೋರ್ಸ್, ಚೆನ್ನೈನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಎಪಿಡೆಮಿಯಾಲಜಿ ಸಂಸ್ಥೆಯವರು ಆನ್‌ಲೈನಿನಲ್ಲಿ ನಡೆಸುತ್ತಾರೆ. ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ, ಪಿಜಿ ಮೊದಲ ವರ್ಷದಲ್ಲೇ ನೋಡಿಬಿಡಿ. ಇನ್ನೊಂದು ಬೋಧನೆಯ ಕೋರ್ಸ್. ನಾನು ಹೋದ ಬ್ಯಾಚಿನಲ್ಲಿ ಕ್ಲಾಸಿನಲ್ಲಿ ಪಾಠ ಹೇಗೆ ಮಾಡಬೇಕು, ಪ್ರಶ್ನೆಪತ್ರಿಕೆ ಹೇಗೆ ತಯಾರಿಸಬೇಕು ಅನ್ನುವುದೆಲ್ಲ ಬಂತು. ಗಂಟು ಜಾರಿದಾಗ ಏನು ಮಾಡಬೇಕು ಅನ್ನುವುದು ಬರಲಿಲ್ಲ. ಪೇಪರ್ ಎಷ್ಟು ಅಂತ ಎಣಿಸುತ್ತಾರೆ, ಎಷ್ಟು ಜನರ ಕೈ ಪಳಗಿಸಿದೆ ಅಂತ ಕೇಳುವ ಕಾಲಂ ಯಾವ ಫಾರ್ಮಿನಲ್ಲೂ ನಾನು ನೋಡಿಲ್ಲ.

ಇವತ್ತಿನ ಸರ್ಜರಿ ಟ್ರೈನಿಂಗ್ ಬಹುಮಟ್ಟಿಗೆ ನಿಂತಿರುವುದು 1889ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಸೇರಿದ ವಿಲಿಯಂ ಹಾಲ್‌ಸ್ಟೆಡ್ ಕಟ್ಟಿದ ಪದ್ಧತಿಯ ಮೇಲೆ. ಆಸ್ಪತ್ರೆಯಲ್ಲೇ ಬಿದ್ದಿರು, ಜವಾಬ್ದಾರಿ ಸ್ವಲ್ಪ ಸ್ವಲ್ಪವೇ ಹೆಗಲೇರಲಿ ಅನ್ನುವ ಪದ್ಧತಿ. ಅವರ ಹೆಸರಿಗೆ ಅಂಟಿಕೊಂಡಿರುವ ಮಾತು 'ಒಂದು ನೋಡು, ಒಂದು ಮಾಡು, ಒಂದು ಕಲಿಸು'. ಕೇಳಲು ಚೆಂದ, ಆದರೆ ಒಂದು ಮಾಡಿದವನಿಗೆ ಕಲಿಸಲು ಬರುತ್ತದೆ ಅಂತ ಯಾರು ಹೇಳಿದ್ದು? ನನಗಂತೂ ನೂರು ಮಾಡಿದ ಮೇಲೂ ಬಂದಿರಲಿಲ್ಲ. ಅದಕ್ಕಿಂತ ನಮ್ಮ ಸುಶ್ರುತ ವಾಸಿ ಅನ್ನಿಸುತ್ತದೆ. ಶಿಷ್ಯ ಎಷ್ಟೇ ಓದಿರಲಿ, ಕೈಯಲ್ಲಿ ಮಾಡಿ ಅಭ್ಯಾಸ ಇಲ್ಲದಿದ್ದರೆ ಕೆಲಸಕ್ಕೆ ಬಾರದವನು ಅಂತ ಹೇಳಿ, ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಕಾಯಿಯ ಮೇಲೆ, ಹೊಲಿಯುವುದನ್ನು ದಪ್ಪ ಬಟ್ಟೆ, ಮೆತ್ತನೆ ಚರ್ಮದ ಮೇಲೆ ಕಲಿಸಬೇಕು ಅಂತ ಸಂಹಿತೆಯಲ್ಲಿ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ನಮ್ಮ ಪಿಜಿಗಳು ಇವತ್ತೂ ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ ಹಾಕುತ್ತಾರೆ, ಹಾಸ್ಟೆಲ್ಲಿನ ಕುರ್ಚಿಯ ಕೈಗೆ ಗಂಟು ಹಾಕುತ್ತಾರೆ. ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ, ಪರದೆ ನೋಡುತ್ತಾ ಮಾಡುವ ಲ್ಯಾಪ್ರೋಸ್ಕೋಪಿಯ ಅಭ್ಯಾಸಕ್ಕೆ ಒಂದು ರಟ್ಟಿನ ಡಬ್ಬ, ಒಂದು ವೆಬ್‌ಕ್ಯಾಮ್, ಹಳೇ ಲ್ಯಾಪ್‌ಟಾಪ್ ಇದ್ದರೆ ಸಾಕು, ಕಡಲೆಕಾಳು ಈ ಕಡೆಯಿಂದ ಆ ಕಡೆಗೆ ಇಡುತ್ತಾ ಕೂರಬಹುದು. ನಮ್ಮ ಡಿಪಾರ್ಟ್‌ಮೆಂಟಿನ ಡಬ್ಬ ಚಪ್ಪಲಿ ಅಂಗಡಿಯದು.

ಸಂಶೋಧನೆಯ ವಿಷಯದಲ್ಲೂ ಒಂದು ಪೆಟ್ಟು ತಿಂದಿದ್ದೇನೆ, ಹೇಳಿಬಿಡುತ್ತೇನೆ. ಪಿಜಿಯಲ್ಲಿ ಥೀಸಿಸ್ ಮಾಡಿದ್ದೆ, ಎಲ್ಲರ ಹಾಗೆ. ಗೈಡ್ ಕೊಟ್ಟ ಟಾಪಿಕ್, ಯಾರೋ ಮಾಡಿಕೊಟ್ಟ ಸ್ಟ್ಯಾಟಿಸ್ಟಿಕ್ಸ್, ಬೈಂಡಿಂಗ್ ಅಂಗಡಿಯ ಮುಂದೆ ಕ್ಯೂ. ಅದರಲ್ಲಿ ನನ್ನ ಪ್ರಶ್ನೆ ಅಂತ ಒಂದೂ ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನನ್ನದೇ ಒಂದು ಪ್ರಶ್ನೆ ಹುಟ್ಟಿತು. ಅಪೆಂಡಿಕ್ಸ್ ಒಡೆದ ಮೇಲೆ ಬರುತ್ತಾರಲ್ಲ, ಈ ಜನ ಅಲ್ಲಿಯವರೆಗೆ ಎಲ್ಲಿದ್ದರು? ಒಂದು ಉದ್ದ ನೋಟ್‌ಬುಕ್ ತಂದು ಬರೆಯತೊಡಗಿದೆ. ನೋವು ಶುರುವಾದದ್ದು ಯಾವಾಗ, ಮೊದಲು ಯಾರಿಗೆ ತೋರಿಸಿದಿರಿ, ಏನು ಮಾತ್ರೆ ಕೊಟ್ಟರು, ಬಸ್ಸಿಗೆ ಎಷ್ಟು ಹೊತ್ತು ಕಾದಿರಿ. ಒಂದು ವರ್ಷ ಬರೆದೆ. ಖುಷಿಯಿಂದ ಪೇಪರ್ ಬರೆಯಲು ಕೂತಾಗ ಸಹೋದ್ಯೋಗಿಯೊಬ್ಬರು ಕೇಳಿದರು, "ಎಥಿಕ್ಸ್ ಕಮಿಟಿ ಪರ್ಮಿಷನ್ ಯಾವಾಗ ತಗೊಂಡ್ರಿ ಡಾಕ್ಟ್ರೇ?"

ತಗೊಂಡಿರಲಿಲ್ಲ. ರೋಗಿಗಳ ಮೇಲಿನ ಸಂಶೋಧನೆಗೆ ಈ ಕಮಿಟಿಯ ಪರ್ಮಿಷನ್ ಮೊದಲು, ರೋಗಿಯ ಒಪ್ಪಿಗೆ ಸಹಿ ಆಮೇಲೆ, ಪ್ರಶ್ನೆ ಕೇಳುವುದು ಅದಕ್ಕೂ ಆಮೇಲೆ. ಗೊತ್ತಿಲ್ಲದ ವಿಷಯವೇನಲ್ಲ, ನನ್ನದು ಬರೀ ನೋಟ್‌ಬುಕ್ ಅಲ್ವಾ ಅಂತ ಅಸಡ್ಡೆ. ಹಿಂದಿನ ತಾರೀಕು ಹಾಕಿಸಿಕೊಳ್ಳಿ ಅಂದವರೂ ಇದ್ದರು. ಮಾಡಲಿಲ್ಲ. ಆ ನೋಟ್‌ಬುಕ್ ಈಗಲೂ ಡ್ರಾಯರಿನಲ್ಲಿದೆ. ಪರ್ಮಿಷನ್ ತೆಗೆದುಕೊಂಡು ಅದೇ ಪ್ರಶ್ನೆಗಳನ್ನು ಮೊದಲಿನಿಂದ ಶುರು ಮಾಡಿದ್ದೇನೆ. ಇಷ್ಟರ ನಡುವೆ ಫೋನಿಗೆ ದಿನಕ್ಕೊಂದು ಮೆಸೇಜ್: ದುಡ್ಡು ಕಟ್ಟಿ, ಒಂದು ವಾರದಲ್ಲಿ ಪೇಪರ್ ಹಾಕಿಕೊಡುತ್ತೇವೆ. ಪ್ರೊಮೋಷನ್ ಹತ್ತಿರ ಬಂದಾಗ ಆ ಮೆಸೇಜ್ ಎಷ್ಟು ಸಿಹಿ ಅನ್ನಿಸುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಥಿಯೇಟರಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಈಗ ಕೈ ತೊಳೆಯುವಾಗಲೇ ಪಿಜಿ ಜೊತೆ ಎರಡು ನಿಮಿಷ ಮಾತಾಡುತ್ತೇನೆ. ಇವತ್ತು ಎಲ್ಲಿಯವರೆಗೆ ನಿನ್ನದು, ಯಾವ ಹಂತದಲ್ಲಿ ನಾನು ತೆಗೆದುಕೊಳ್ಳಬಹುದು, ತೆಗೆದುಕೊಂಡರೆ ಮತ್ತೆ ಎಲ್ಲಿ ವಾಪಸ್ ಕೊಡುತ್ತೇನೆ. ಈ ಕೊನೆಯದು ಮುಖ್ಯ. ಇಡೀ ಆಪರೇಷನ್ ಕೊಡಬೇಕು ಅಂತಲೂ ಇಲ್ಲ. ಒಬ್ಬರಿಗೆ ಚರ್ಮ ಮತ್ತು ಸ್ನಾಯು, ಇನ್ನೊಬ್ಬರಿಗೆ ಅಪೆಂಡಿಕ್ಸಿನ ಬುಡ ಹುಡುಕುವುದು, ಹಾಗೆ ತುಂಡು ತುಂಡಾಗಿ. ಲಿಸ್ಟಿನಲ್ಲಿ ಎಂಟು ಕೇಸ್ ಇದ್ದು ಅನಸ್ತೇಶಿಯಾದವರು ಗಡಿಯಾರ ನೋಡುತ್ತಿರುವ ದಿನ ಇದೆಲ್ಲ ಆಗುವುದಿಲ್ಲ, ಸುಳ್ಳು ಯಾಕೆ ಹೇಳಲಿ.

ಅದೇ ಹುಡುಗಿಯನ್ನು ನಾನೇ ಕರೆದು ಇನ್ನೊಂದು ಅಪೆಂಡಿಕ್ಸ್ ಕೊಟ್ಟೆ. ಈ ಸಲ ಗಂಟು ಜಾರಲಿಲ್ಲ, ಆದರೆ ಬುಡದ ಹತ್ತಿರ ಎಲ್ಲಿಂದಲೋ ರಕ್ತ ಬಂತು. ನಾನು ಬೆರಳಿಟ್ಟು ಒತ್ತಿ ನಿಂತೆ. ನನ್ನ ಇನ್ನೊಂದು ಕೈ ತಾನಾಗಿಯೇ ಫೋರ್ಸೆಪ್ಸ್ ಕಡೆ ಹೋಗುತ್ತಿತ್ತು, ಅದಕ್ಕೆ ರಕ್ತ ಹೀರುವ ಸಕ್ಷನ್ ಕೊಳವೆ ಹಿಡಿಸಿದೆ. ಒಂದು ನಿಮಿಷ ಆಗಿರಬಹುದು, ಅರ್ಧ ಗಂಟೆ ಅನ್ನಿಸಿತು. ಅವಳು ತಲೆ ಎತ್ತದೆ ಅಂದಳು, "ಸರ್, ಸಕ್ಷನ್ ಸ್ವಲ್ಪ ಆ ಕಡೆ ಹಿಡೀರಿ, ಕಾಣ್ತಿಲ್ಲ."

ಹಿಡಿದೆ.